ಕಚ್ಚುವ ನೀರು

‘ನೀರು ಬೆಟ್ಟದೊಳಗಿನಿಂದ ಬರುತ್ತದೆ’ ಎಂದು ಬರೆದರೆ ಸುಳ್ಳಂತೂ ಆಗುವುದಿಲ್ಲ. ಆದರೆ ಅಷ್ಟೇ ಬರೆದು ಸುಮ್ಮನಾದರೆ ಅದನ್ನು ನಿಜ ಎನ್ನಬಹುದೇ? ಆಂಬ್ರೋಸ್ ಹೀಲಿ ಬೆಳಗಿನಿಂದ ಆ ಒಂದು ಸಾಲಿನ ಮುಂದೆಯೇ ಕೂತಿದ್ದ.

ಆಲ್ಡ್‌ವೆಲ್ ಊರಿನ ಭೂಗೋಳ ಮತ್ತು ಚರಿತ್ರೆಯ ಕೈಪಿಡಿಯನ್ನು ಬರೆಯಲು ಪುರಸಭೆ ಅವನಿಗೆ ಹೇಳಿತ್ತು. ಭೂವಿಜ್ಞಾನ ಓದಿ ಬಂದು ಎರಡು ವರ್ಷ ಸುಮ್ಮನೆ ಕೂತವನು ಊರಲ್ಲಿ ಅವನೊಬ್ಬನೇ. ಇನ್ನೂರು ವರ್ಷಗಳ ಹಿಂದೆ ಕುಂಟುವ ಪಾದ್ರಿಯೊಬ್ಬ ಇಲ್ಲಿನ ಬುಗ್ಗೆಯ ನೀರು ಕುಡಿದು ಗುಣವಾದನೆಂದು ಎಲ್ಲರೂ ಹೇಳುತ್ತಾರೆ. ಚರ್ಚಿನ ದಾಖಲೆಯ ಪ್ರಕಾರ ಅವನು ಆಮೇಲೂ ಕುಂಟುತ್ತಿದ್ದ, ಆದರೆ ಮೊದಲಿಗಿಂತ ಸಂತೋಷವಾಗಿ.

ತೊಡಕು ಪಾದ್ರಿಯದಲ್ಲ, ಪುರಸಭೆಯ ಕಪಾಟಿನಲ್ಲಿ ಸಿಕ್ಕ ಹಳೆಯ ನಕಾಶೆಯದು. ಅದರ ಪ್ರಕಾರ ಪಾದ್ರಿಯ ಬುಗ್ಗೆ ಬತ್ತಿತ್ತು. ಈಗ ಬರುತ್ತಿರುವುದು ಬೆಟ್ಟದಾಚೆಯ ಕಲ್ಲಿದ್ದಲ ಗಣಿಯ ನೀರು. 1881ರಲ್ಲಿ ಆ ಗಣಿಗೆ ನೀರು ನುಗ್ಗಿದಾಗ ಏಳು ಜನ ಒಳಗೇ ಉಳಿದರು. ಹೊರತೆಗೆಯಲಾಗದೆ ಗಣಿಯ ಬಾಯಿ ಮುಚ್ಚಿದರು. ಏಳರಲ್ಲೊಬ್ಬ ಹೆಟ್ಟಿ ಸ್ಲ್ಯಾಕಳ ಅಪ್ಪ.

ಹೆಟ್ಟಿ ಮೂವತ್ತೊಂದು ವರ್ಷಗಳಿಂದ ಬುಗ್ಗೆಮನೆಯಲ್ಲಿ ಬಂದವರಿಗೆ ನೀರು ತುಂಬಿ ಕೊಡುವವಳು. ಆಲ್ಡ್‌ವೆಲ್‌ನಲ್ಲಿ ನೀರನ್ನು ಅಳೆಯುವುದು ಅದು ನಾಲಿಗೆಯನ್ನು ಎಷ್ಟು ಕಚ್ಚುತ್ತದೆ ಎಂಬುದರಿಂದ. ದಿನಾ ಬೆಳಗ್ಗೆ ಮೊದಲ ಲೋಟವನ್ನು ತಾನೇ ಕುಡಿದು, ಬಾಗಿಲ ಹಲಗೆಯ ಮೇಲೆ ‘ಕಚ್ಚುತ್ತದೆ’ ಎಂದೋ ‘ಸುಮಾರಾಗಿ ಕಚ್ಚುತ್ತದೆ’ ಎಂದೋ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಕಚ್ಚುವುದಿಲ್ಲ ಎಂದು ಒಮ್ಮೆಯೂ ಬರೆದಿರಲಿಲ್ಲ.

ಅದು ಗಣಿಯ ನೀರೆಂದು ಹೆಟ್ಟಿಗೆ ಪುಸ್ತಕದಿಂದ ತಿಳಿಯುವುದಕ್ಕಿಂತ ತನ್ನ ಬಾಯಿಂದಲೇ ತಿಳಿಯಲಿ ಎಂದು ಆಂಬ್ರೋಸ್ ಅಲ್ಲಿಗೆ ಹೋದ.

“ಕುಡಿ ಮರಿ,” ಎಂದಳು ಹೆಟ್ಟಿ. “ಓದಿದ್ದು ಇನ್ನೂ ಅರಗಿಲ್ಲ ಅಂತ ಮುಖಾನೇ ಹೇಳ್ತಿದೆ.”

ಕುಡಿದ.

“ಕಚ್ತಾ?”

“ಕಚ್ತು, ಮಿಸೆಸ್ ಸ್ಲ್ಯಾಕ್.”

ತಾನು ಚಿಕ್ಕವಳಿದ್ದಾಗ ನೀರು ಸಪ್ಪೆಯಾಗಿತ್ತೆಂದು ಅವಳು ಹೇಳಿದಳು. ಅಪ್ಪ ಹೋದ ಮರುವರ್ಷ ಕಚ್ಚಲು ಶುರುವಾಯಿತಂತೆ. ಆಮೇಲೆ ಲಂಡನ್ನಿನ ಡಾಕ್ಟರುಗಳು ಬಂದರು, ಹೋಟೆಲುಗಳೆದ್ದವು, ಊರಿಗೆ ಒಳ್ಳೆಯದಾಯಿತು. ಲೋಟ ಒರೆಸುತ್ತ ದನಿ ತಗ್ಗಿಸಿದಳು.

“ಅಪ್ಪನ ಕೋಟು ಇದೇ ವಾಸನೆ ಹೊಡೀತಿತ್ತು. ಅದಕ್ಕೇ ಈ ಕೆಲಸಕ್ಕೆ ಸೇರ್ದೆ. ಯಾರಿಗೂ ಹೇಳ್ಬೇಡ, ನಗ್ತಾರೆ.”

ಹೇಳುವುದಿಲ್ಲ ಎಂದ.

“ಅದಿರ್ಲಿ, ನೀರು ಎಲ್ಲಿಂದ ಬರುತ್ತೆ ಅಂತ ಬರ್ದೆ?”

ಅವನು ಖಾಲಿ ಲೋಟ ನೋಡಿದ. “ಬೆಟ್ಟದೊಳಗಿಂದ ಅಂತ.”

“ಅಷ್ಟೇನಾ? ಅದಕ್ಕೆ ಕಾಲೇಜಿಗೆ ಬೇರೆ ಹೋಗ್ಬೇಕಿತ್ತಾ?”

ಇನ್ನೊಂದು ಲೋಟ ತುಂಬಿಕೊಟ್ಟಳು. ಅದನ್ನೂ ಕುಡಿದ.

ಕೈಪಿಡಿ ಮೇ ತಿಂಗಳಲ್ಲಿ ಅಚ್ಚಾಯಿತು. ಒಂಬತ್ತನೆಯ ಪುಟದಲ್ಲಿ ಗಣಿ, ಹನ್ನೊಂದನೆಯದರಲ್ಲಿ ಬುಗ್ಗೆ, ನಡುವೆ ಗಾಲ್ಫ್ ಮೈದಾನ. ನಕಾಶೆಯನ್ನು ಅವನು ಸಿಕ್ಕ ಜಾಗದಲ್ಲೇ ಇಟ್ಟ. ಆಮೇಲೆ ಎಷ್ಟೋ ವರ್ಷ ಆ ಬಾಗಿಲ ಮುಂದೆ ಹಲಗೆ ಓದಿಕೊಂಡು ಓಡಾಡಿದ. ಗಣಿಯದೂ ಬುಗ್ಗೆಯದೂ ಒಂದೇ ನೀರು ಎಂದು ಅವನು ಹೆಟ್ಟಿಗೆ ಎಂದೂ ಹೇಳಲಿಲ್ಲ.