ಬಾಣಂತಿ ಮನೆಯ ಗಂಜಿ

ಮಗಳು ವನಿತಾಳ ಬಾಣಂತನಕ್ಕೆಂದು ಮುದ್ದಮ್ಮ ಹರಳೆಣ್ಣೆ, ಸೀಗೆಪುಡಿ ಎಲ್ಲ ಹೊಂದಿಸಿಟ್ಟುಕೊಂಡಿದ್ದಳು. ಮಗು ಹುಟ್ಟುವ ಹೊತ್ತಿಗೆ ಸರಿಯಾಗಿ ಅವಳಿಗೇ ಚಳಿ, ನೆಗಡಿ, ಮೈಕೈ ನೋವು ಅಮರಿಕೊಳ್ಳಬೇಕೆ! ಎಂಥಾ ಗ್ರಹಚಾರ ನೋಡಿ. ಕಳಲೆ ಊರಿನ ಅವಳ ಮನೆಯ ಬಚ್ಚಲಲ್ಲಿ ಪಕ್ಕದ ಬೀದಿಯ ಚನ್ನಾಜಮ್ಮ ಮಗುವಿಗೆ ನೀರು ಹಾಕುತ್ತಿದ್ದರೆ, ಸ್ವಂತ ಅಜ್ಜಿ ಜಗಲಿಯಲ್ಲಿ ಮೂಗೊರೆಸಿಕೊಂಡು ಕೂತಿರಬೇಕು. ಹೊಟ್ಟೆ ಉರಿಯದೆ ಇರುತ್ತದೆಯೇ?

ನಂಜನಗೂಡಿನ ಡಾಕ್ಟರ್ ಪ್ರೇಮ್‌ಕುಮಾರ್ ರಕ್ತ ಪರೀಕ್ಷೆ ಮಾಡಿಸಿ, ದೊಡ್ಡ ಕಾಯಿಲೆ ಏನಿಲ್ಲ ಎಂದರು. ಆಯುರ್ವೇದ ಓದಿದ ಮೇಲೆ ಚೀನಾದವರ ಹಳೇ ಕಷಾಯಗಳನ್ನೂ ಕಲಿತುಬಂದವರು ಅವರು. ಚಕ್ಕೆ, ಶುಂಠಿ, ಜ್ಯೇಷ್ಠಮಧು, ಒಣಗಿದ ಎಲಚಿ ಹಣ್ಣು, ಜೊತೆಗೆ ಅದೆಂಥದೋ ಬೇರು ಪೊಟ್ಟಣ ಕಟ್ಟಿಕೊಟ್ಟರು.

"ಚೀನಾದೋರೂ ಸುಂಟಿ ಕಸಾಯನೇ ಕುಡೀತಾರಾ ಸಾ?"

"ಸಾವಿರಾರು ವರ್ಷದಿಂದ ಕುಡೀತಾರೆ ಕಣಮ್ಮ. ಆದ್ರೆ ಕಷಾಯ ಕುಡಿದ ಮೇಲೆ ಬಿಸಿಬಿಸಿ ಅಕ್ಕಿ ಗಂಜಿ ಕುಡಿದು, ಕಂಬಳಿ ಹೊದ್ದು ಮಲಗಬೇಕು. ಸಣ್ಣಗೆ ಬೆವರು ಬರಬೇಕು."

ಪೊಟ್ಟಣ ಮುಗಿಯಿತು, ಚಳಿ ಜಗ್ಗಲಿಲ್ಲ. ಮುದ್ದಮ್ಮ ಸಿಡಿಮಿಡಿಗುಟ್ಟುತ್ತಾ ಮತ್ತೆ ಬಸ್ಸು ಹತ್ತಿದಳು.

"ಗಂಜಿ ಕುಡಿದ್ರಾ?" ಎಂದು ಡಾಕ್ಟರು ಕೇಳಿದರು.

"ಬಾಣಂತಿ ಮನೇಲಿ ನಾನು ಗಂಜಿ ಕುಡ್ಕಂಡು ಕೂರಕಾಯ್ತದಾ ಸಾ? ಗಂಜಿ ಮಗಳ್ಗೆ ಕೊಟ್ಟೆ. ಕಂಬಳಿನೂ ಅವಳ್ಗೇ ಒದಿಸ್ದೆ. ನಾನು ತಂಗಳು ಮುದ್ದೆಗೆ ಮಜ್ಜಿಗೆ ಉಯ್ಕಂಡು ಉಂಡೆ."

ಡಾಕ್ಟರು ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅರ್ಧ ಔಷಧಿ ನಿಮ್ಮ ಮಗಳ ಹೊಟ್ಟೆ ಸೇರಿದೆಯಲ್ಲಮ್ಮ!"

ಹೊಸ ಪೊಟ್ಟಣ ಕಟ್ಟಿಸಿಕೊಂಡು ಮನೆಗೆ ಬಂದ ಮುದ್ದಮ್ಮ ಇದನ್ನೇ ದೊಡ್ಡ ತಮಾಷೆಯೆಂದು ಹೇಳಿದಳು. ವನಿತಾ ನಗಲಿಲ್ಲ. ಮಗುವನ್ನು ತೊಟ್ಟಿಲಿಗೆ ಹಾಕಿ, ಕಿವಿಗೆ ಕಟ್ಟಿದ್ದ ಬಟ್ಟೆ ಬಿಗಿದುಕೊಂಡು ಒಲೆ ಮುಂದೆ ಕೂತೇಬಿಟ್ಟಳು.

"ಅಯ್ಯೋ, ಅಸೀ ಬಾಣಂತಿ, ಏಳೇ ಮ್ಯಾಲಕ್ಕೆ!"

"ಸುಮ್ಕಿರವ್ವ. ಇವತ್ತು ನೀನೇ ಬಾಣಂತಿ."

ಕಷಾಯ ಆಯಿತು, ಲೋಟದ ತುಂಬ ಹಬೆಯಾಡುವ ಗಂಜಿ ಬಂತು. ಮಗಳು ಕಂಬಳಿಯನ್ನು ಕುತ್ತಿಗೆವರೆಗೆ ಎಳೆದು ಅದುಮಿದಳು. ತನ್ನವ್ವ ತೀರಿಕೊಂಡ ಮೇಲೆ ಯಾರೂ ಮುದ್ದಮ್ಮನಿಗೆ ಹಾಗೆ ಹೊದಿಸಿರಲಿಲ್ಲ. ಅವಳಿಗೆ ಅಳು ಬಂತು, ಹಿಂದೆಯೇ ಹಣೆಯ ಮೇಲೆ ಬೆವರೂ ಒಡೆಯಿತು.

ಚಳಿ ಬಿಟ್ಟು ನೆಗಡಿ ಪೂರ್ತಿ ಇಳಿದ ಮೇಲೆ ಒಂದು ಬೆಳಿಗ್ಗೆ ಚನ್ನಾಜಮ್ಮ ಎಂದಿನಂತೆ ಬಂದಳು. ಬಚ್ಚಲಲ್ಲಿ ಮುದ್ದಮ್ಮ ಆಗಲೇ ಕಾಲು ಚಾಚಿ ಕೂತಿದ್ದಳು. ಎಣ್ಣೆ ಹಚ್ಚಿದ ಮೊಮ್ಮಗ ಅವಳ ಕಾಲ ಮೇಲೆ ಕೈಕಾಲು ಬಡಿಯುತ್ತಾ ಊರಿಗೆಲ್ಲ ಕೇಳುವಂತೆ ಅರಚುತ್ತಿದ್ದ.

"ನೀರು ಮೊಗೆದ್ಕೊಡು ಸಾಕು ಚನ್ನಾಜಿ," ಎಂದಳು ಮುದ್ದಮ್ಮ. "ಉಯ್ಯಾಕೆ ನಾನಿವ್ನಿ."