ಏರಿಯ ಮೇಲಿನ ಗೂಟ

ಪುದೀನ, ಮುಂದಿನವರ ಚಕ್ರ ದಾರಿಯಂಚಿನ ಕಾಡುಪುದೀನವನ್ನು ಅರೆದುಕೊಂಡು ಹೋಗಿದೆ, ಘಾಟು ಮೂಗಿಗೆ ಬಡಿದ ಕೂಡಲೇ ರೂಲಿ ತಲೆಯನ್ನು ಅರ್ಧ ಹಿಂದಕ್ಕೆ ತಿರುಗಿಸಿ ಪುದೀನ ಎಂದು ಕೂಗುತ್ತಾಳೆ, ಅವಳ ಹಿಂಚಕ್ರಕ್ಕೆ ಅಂಟಿದಂತೆ ಬರುತ್ತಿರುವ ತಂಗಿ ಫೆನ್ನಾ, ಹಸೀದಾ ಒಣಗಿದ್ದಾ ಎನ್ನುತ್ತಾಳೆ, ಹಸೀದು ಕಣೇ, ಕಾಲುವೆ ಕೆಸರೂ ಸೇರ್ಕೊಂಡಿದೆ, ಸರಿ, ಮುಂದಿಂದು ಹೇಳು — ಏಪ್ರಿಲಿನಿಂದ ಪ್ರತಿ ಭಾನುವಾರ ಹೀಗೇ, ಗೊಬ್ಬರ, ಕೊಯ್ದ ಹುಲ್ಲು, ಯಾರದೋ ಅಡುಗೆಮನೆಯ ಈರುಳ್ಳಿ, ಒಮ್ಮೆ ಸತ್ತ ಮುಳ್ಳುಹಂದಿ, ಅದನ್ನು ಹೇಳಬೇಡವಾಗಿತ್ತು ಮಾರಾಯ್ತಿ ಎಂದು ಫೆನ್ನಾ ನಕ್ಕಿದ್ದಳು. ತಲೆಗೆ ಪೆಟ್ಟು ಬಿದ್ದು ತಂಗಿಗೆ ವಾಸನೆ ತಿಳಿಯದಾಗಿ ಒಂದು ವರ್ಷ. ಅರವತ್ತೊಂದರ ಅಕ್ಕ ಐವತ್ತೆಂಟರ ತಂಗಿಗೆ ಮೂಗಾಗಿ ಸೈಕಲ್ ತುಳಿಯುತ್ತಿದ್ದಾಳೆ, ಊರಿನವರು ಮೆಚ್ಚುತ್ತಾರೆ, ಎಂಥ ಅಕ್ಕ ನೋಡಿ ಎನ್ನುತ್ತಾರೆ, ಮೆಚ್ಚಿದಷ್ಟೂ ರೂಲಿ ತಲೆ ತಗ್ಗಿಸಿ ತುಳಿಯುತ್ತಾಳೆ. ಇವತ್ತು ಹೇಳಿಬಿಡಬೇಕು. ಪಂಪ್‌ಮನೆಯ ಹತ್ತಿರ ಕಾಫಿಗೆ ಇಳಿದಾಗ ಫೆನ್ನಾಳನ್ನು ಬದಿಗೆ ಕರೆದು, ಸೇಬಿನ ಕೇಕ್ ಬರುವ ಮೊದಲೇ, ಇಲ್ಲ, ಬಂದ ಮೇಲೆ, ಹೊಟ್ಟೆಗೆ ಸ್ವಲ್ಪ ಬಿದ್ದ ಮೇಲೆ — ಏಪ್ರಿಲಿನಲ್ಲೂ ಹೀಗೇ ಅಂದುಕೊಂಡಿದ್ದಳು, ಜೂನಿನಲ್ಲೂ.

ಆದರೆ ಇವತ್ತು ಸೇತುವೆ ಕೆಟ್ಟಿದೆ. ದೋಣಿಗಳಿಗೆಂದು ಮೇಲಕ್ಕೆದ್ದ ಸೇತುವೆ ಅಲ್ಲೇ ನಿಂತುಬಿಟ್ಟಿದೆ, ಒಂಬತ್ತು ಸೈಕಲ್ಲುಗಳೂ ದಡದಲ್ಲಿ ಕಾಲೂರಿದವು, ಎಲ್ಲರಿಗೂ ಮುಂದಾಳಾದ ಹಾರ್ಮ್ ಟೋಪಿ ತೆಗೆದು ತಲೆ ಕೆರೆದುಕೊಂಡ, ಹಾಗಾದ್ರೆ ಏರಿ ಮೇಲೆ ಹೋಗ್ಬೇಕಾಗುತ್ತೆ ಎಂದ, ಫೆನ್ನಾಳನ್ನು ನೋಡಲಿಲ್ಲ, ರೂಲಿಯನ್ನು ನೋಡಿದ, ವರ್ಷದಿಂದ ಆ ದಾರಿಯನ್ನು ತಪ್ಪಿಸಿಕೊಂಡು ಬಂದವನು, ಪಾಪ, ಕೊನೆಗೆ ಫೆನ್ನಾಳೇ, ಹೋಗಯ್ಯಾ, ಆ ಗೂಟ ಎದ್ದು ಬಂದು ಕಚ್ಚುತ್ತಾ ಅಂದಳು, ಎಲ್ಲರೂ ಅಗತ್ಯಕ್ಕಿಂತ ಜೋರಾಗಿ ನಕ್ಕರು. ಹಾಗೆ ಈಗ ಏರಿ, ಎಡಕ್ಕೆ ಜೌಗು, ಬಲಕ್ಕೆ ನೀರಿನ ಮಟ್ಟಕ್ಕಿಂತ ಕೆಳಗೆ ಮಲಗಿದ ಹುಲ್ಲುಗಾವಲು, ಹಸುಗಳು, ಗದ್ದೆಯ ಟಿಟ್ಟಿಭ ಹಕ್ಕಿಗಳು ಕೂಗಿಕೊಂಡು ಎದ್ದವು, ದಾರಿ ನೂಲು ಹಿಡಿದಂತೆ ನೆಟ್ಟಗೆ, ಹೋದ ವರ್ಷ ನೆಟ್ಟಗಿದ್ದದ್ದೇ ತಪ್ಪಾಯಿತು, ಡೊಂಕಿದ್ದರೆ ನಿಧಾನ ಮಾಡುತ್ತಿದ್ದರು. ಮೂರು ಕಿಲೋಮೀಟರು. ಆಮೇಲೆ ಗೂಟ. ಕಾರು ಒಳಗೆ ಬರದಿರಲೆಂದು ದಾರಿಯ ನಟ್ಟನಡುವೆ ನೆಟ್ಟಿದ್ದು, ಸೊಂಟದೆತ್ತರ, ಕೆಂಪು ಬಿಳಿ ಪಟ್ಟೆ.

ಒಬ್ಬರ ಚಕ್ರಕ್ಕೆ ಇನ್ನೊಬ್ಬರ ಚಕ್ರ ಗೇಣುದ್ದ ಬಿಟ್ಟು ಸಾಲಾಗಿ ಹೋಗುವಾಗ ಹಿಂದಿನವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ, ಆದ್ದರಿಂದಲೇ ಕೂಗು, ಮೊದಲಿನವನು ಗೂಟ ಎಂದರೆ ಎರಡನೆಯವನು ಗೂಟ, ಮೂರನೆಯವನು ಗೂಟ, ಕೈಯನ್ನು ಬೆನ್ನ ಹಿಂದೆ ಆಡಿಸುತ್ತ, ಕೊನೆಯವರ ತನಕ, ಚಿಕ್ಕ ಮಕ್ಕಳಿಗೂ ಗೊತ್ತು, ಯಾರ ಮೇಲೆ ಎಷ್ಟೇ ಸಿಟ್ಟಿದ್ದರೂ ಈ ಕೂಗನ್ನು ನುಂಗುವವರಿಲ್ಲ. ಅಂದು ರೂಲಿ ನುಂಗಿದಳು. ದೋಣಿಗೋಸ್ಕರ ನುಂಗಿದಳು, ಕೊಳೆತ ದೋಣಿ, ಅಪ್ಪ ಜೊಂಡು ಕೊಯ್ದು ತುಂಬಿ ತರುತ್ತಿದ್ದ ಚಪ್ಪಟೆ ದೋಣಿ, ಅವನು ತೀರಿಹೋದ ಮೇಲೆ ಅದೇ ವರ್ಷ ಮಾರ್ಚಿನಲ್ಲಿ ಫೆನ್ನಾ ಅದನ್ನು ಜೊಂಡಿನ ಕಸದ ಬೆಂಕಿಗೆ ಎಳೆದು ಹಾಕಿದಳು, ಕೇಳಲಿಲ್ಲ, ಹೇಳಲಿಲ್ಲ, ತಳವೇ ಇರ್ಲಿಲ್ಲ ಕಣೇ ಅದಕ್ಕೆ, ಇಲಿ ಗೂಡು ಕಟ್ಟಿತ್ತು, ನೀನು ವರ್ಷಕ್ಕೊಮ್ಮೆನಾದ್ರೂ ಬಂದು ನೋಡಿದ್ಯಾ, ಎಂದಳು, ಅದು ನಿಜ, ನಿಜವಾದದ್ದರಿಂದಲೇ ರೂಲಿ ಅಂದಿನಿಂದ ಮಾತು ಬಿಟ್ಟಳು. ಮಾತು ಬಿಟ್ಟವಳು ಸೈಕಲ್ ಸಂಘವನ್ನು ಬಿಡಲಿಲ್ಲ, ಫೆನ್ನಾಳೂ ಬಿಡಲಿಲ್ಲ, ನಾನ್ಯಾಕೆ ಬಿಡ್ಲಿ, ಬೇಕಾದ್ರೆ ಅವಳು ಬಿಡ್ಲಿ, ಎಂದು ಇಬ್ಬರೂ. ನಡುವೆ ಬೆರೆಂಡ್ ಬೇಕಾಯಿತು. ನಿವೃತ್ತ ಅಂಚೆಯವನು, ಭಾನುವಾರ ಭಾನುವಾರ ಅಕ್ಕತಂಗಿಯರ ಮಧ್ಯೆ ಸೈಕಲ್ ತೂರಿಸಿಕೊಂಡು ಬರುತ್ತಿದ್ದ, ರೂಲಿಯ ಗೂಟವನ್ನು ಅವನು ಇಸಿದುಕೊಂಡು ಫೆನ್ನಾಗೆ ಕೊಡುತ್ತಿದ್ದ, ಮೂವತ್ತು ವರ್ಷ ಮನೆಮನೆ ಕಾಗದ ಹಂಚಿದ್ದು ಸಾಲ್ದು ಅಂತ ನಿಮ್ಮಿಬ್ಬರ ಕೂಗೂ ನಾನೇ ಹಂಚ್ಬೇಕಾ, ಮುದುಕೀರಾ, ಎಂದು ಗೊಣಗುತ್ತಿದ್ದ. ಆ ಭಾನುವಾರ ಬೆರೆಂಡನಿಗೆ ನೆಗಡಿ.

ನೆಗಡಿ, ಬರೀ ನೆಗಡಿ. ಅವನಿಲ್ಲದ ಜಾಗದಲ್ಲಿ ಯಾರಾದರೂ ಬಂದಾರೆಂದು ರೂಲಿ ಕಾದಳು, ಯಾರೂ ಬರಲಿಲ್ಲ, ಹಿಂದೆ ಫೆನ್ನಾಳ ಹಸಿರು ಸೈಕಲ್ಲಿನ ಸರಪಳಿ ಸದ್ದು, ಎದುರುಗಾಳಿ, ಹಲ್ಲಿಗೆ ಮರಳು ಬಡಿಯುವಂಥ ಎದುರುಗಾಳಿ, ಎಲ್ಲರೂ ತಲೆ ತಗ್ಗಿಸಿ ತುಳಿಯುತ್ತಿದ್ದರು, ಹಾರ್ಮ್ ಗೂಟ ಎಂದ, ಅದು ಒಂದೊಂದೇ ಬಾಯಿ ದಾಟಿಕೊಂಡು ರೂಲಿಯ ತನಕ ಬಂತು, ಸ್ಪಷ್ಟವಾಗಿ ಬಂತು, ಅವಳ ಬಾಯಿ ತೆರೆಯಿತು ಕೂಡ, ನಾಲಿಗೆ ಮೇಲಕ್ಕೆದ್ದಿತ್ತು, ಆಗ ಒಳಗಿನಿಂದ ಯಾವುದೋ ಹಾಳು ದನಿ, ಮೊದಲ ಮಾತು ನಾನಾಡೋದಾ, ಆರು ತಿಂಗಳು ಬಿಗಿಹಿಡಿದು ಈಗ ನಾನಾ, ನೋಡ್ಕೊಳ್ಳಲಿ, ಅವಳಿಗೇನು ಕಣ್ಣಿಲ್ವಾ — ಕೈಯನ್ನೂ ಆಡಿಸಲಿಲ್ಲ, ಎಡಕ್ಕೆ ಒಂದು ಮೊಳ ಸರಿದಳು, ಗೂಟ ಬಲಮೊಣಕಾಲಿನ ಪಕ್ಕ ಹಾದುಹೋಯಿತು, ಕೆಂಪು, ಬಿಳಿ, ಕೆಂಪು, ಆಮೇಲೆ ಹಿಂದಿನಿಂದ ಸದ್ದು. ಬೀಳಲಿ ಎಂದುಕೊಂಡಳೇ? ಇಲ್ಲ. ದೇವರಾಣೆಗೂ ಇಲ್ಲ. ಬೀಳುವುದಿಲ್ಲ ಎಂದುಕೊಂಡಳೇ? ಅದೂ ಇಲ್ಲ, ಏನೂ ಅಂದುಕೊಳ್ಳಲಿಲ್ಲ, ಗೆಲ್ಲಬೇಕು ಎಂದಷ್ಟೇ ಇತ್ತು, ಇಡೀ ವರ್ಷ ಇದನ್ನೇ ತಿರುವಿ ತಿರುವಿ ನೋಡಿದ್ದಾಳೆ.

ರೂಲಿ ಗದ್ದೆ ಗೊಬ್ಬರ ಎಂದು ಹಿಂದಕ್ಕೆ ಕೂಗುತ್ತಾಳೆ, ಗೊಬ್ಬರ ಗೊತ್ತಾಗುತ್ತೆ ಬಿಡೇ, ಟ್ರ್ಯಾಕ್ಟರ್ ಕಾಣ್ತಿದೆ, ಎನ್ನುತ್ತಾಳೆ ಫೆನ್ನಾ. ಗೂಟಕ್ಕೆ ಇನ್ನೆಷ್ಟು, ಒಂದೂವರೆ ಕಿಲೋಮೀಟರು, ಆ ಮುರಿದ ಗಾಳಿಗಿರಣಿ ದಾಟಿದರೆ ಒಂದೇ. ಅಂದು ಆಸ್ಪತ್ರೆಯಲ್ಲಿ ಫೆನ್ನಾಳ ಪಕ್ಕೆಲುಬಿಗೆ ಪಟ್ಟಿ, ತಲೆಗೆ ಪಟ್ಟಿ, ಹಾರ್ಮ್ ದ್ರಾಕ್ಷಿ ಹಿಡಿದುಕೊಂಡು ನಿಂತಿದ್ದ, ರೂಲಿ ಅವನ ಬೆನ್ನ ಹಿಂದೆ ಅಡಗಿದಂತೆ, ಫೆನ್ನಾ ಅವನಿಗೇ ಹೇಳಿದಳು, ರೂಲಿ ಕೂಗಿದ್ಳಪ್ಪಾ, ಗಾಳಿ ಎತ್ಕೊಂಡು ಹೋಯ್ತು. ಹಾರ್ಮ್ ಹೌದು ಹೌದು, ಗಾಳಿ ಇತ್ತು ಎಂದ. ಆದರೆ ಎದುರುಗಾಳಿಯಲ್ಲವೇ ಅಂದು ಬೀಸಿದ್ದು, ಎದುರುಗಾಳಿ ಮುಂದಿನವರ ಮಾತನ್ನು ಹಿಂದಿನವರ ಕಿವಿಗೆ ತಂದುಕೊಡುತ್ತದೆ, ಎತ್ತಿಕೊಂಡು ಹೋಗುವುದಿಲ್ಲ, ಗಾಳಿ ನೋಡದೆ ಜೊಂಡಿಗೆ ಬೆಂಕಿ ಇಡ್ಬೇಡ್ರೇ ಎಂದು ಅಪ್ಪನಿಂದ ಬೈಸಿಕೊಂಡು ಬೆಳೆದ ಮಕ್ಕಳಿಗೆ ಇದು ತಿಳಿಯದೇ? ಫೆನ್ನಾಗೆ ತಿಳಿಯದೇ? ಪೆಟ್ಟಿಗೆ ಮರೆತಿರಬಹುದು, ಡಾಕ್ಟರು ಹಾಗೂ ಆಗುತ್ತದೆ ಎಂದಿದ್ದರು, ಹೂಂ, ಮರೆತಿರಬೇಕು. ಆಮೇಲೆ ಫೆನ್ನಾ ರೂಲಿಯ ಕಡೆ ತಿರುಗಿ, ಆರು ತಿಂಗಳಲ್ಲಿ ಮೊದಲ ಮಾತು, ಮನೆಯಿಂದ ಕಾಫಿ ತಂದ್ಕೊಡೇ, ಇಲ್ಲಿದು ಬರೀ ಬಿಸಿನೀರು. ಬಿಸ್ಕತ್ತೂ ರಟ್ಟಿನ ಹಾಗಿದೆ ಎಂದಳು, ನರ್ಸೂ ನಕ್ಕಳು, ಆಸ್ಪತ್ರೆ ಕಾಫಿ ಅಂದ ಮೇಲೆ ಹಾಗೇ ಎಂದು. ರೂಲಿ ಮರುದಿನ ಬೆಳಿಗ್ಗೆಯೇ ಗಟ್ಟಿಯಾಗಿ ಇಳಿಸಿ ಫ್ಲಾಸ್ಕಿನಲ್ಲಿ ಒಯ್ದಳು, ಇಡೀ ಕೋಣೆ ಘಮ್ಮೆಂದಿತು, ಪಕ್ಕದ ಮಂಚದ ಅಜ್ಜಿಯೂ ತಲೆಯೆತ್ತಿದಳು, ಫೆನ್ನಾ ಒಂದು ಗುಟುಕು ಕುಡಿದು, ಲೋಟದೊಳಗೆ ನೋಡಿ, ಇನ್ನೊಂದು ಗುಟುಕು ಕುಡಿದು, ಇದೂ ನೀರೇ ಅಲ್ವೇನೇ, ಎಂದಳು. ಆಗ ಹೇಳಬೇಕಿತ್ತು. ಲೋಟ ಇಸಿದುಕೊಂಡು ಅಲ್ಲೇ ಹೇಳಬೇಕಿತ್ತು, ಅದರ ಬದಲು, ಅಯ್ಯೋ, ಪುಡಿ ಕಡಿಮೆ ಹಾಕಿದೆ ಅನ್ಸುತ್ತೆ, ಎಂದುಬಿಟ್ಟಳು.

ಗಾಳಿಗಿರಣಿ ಹೋಯಿತು. ಇವತ್ತು ಗಾಳಿ ಬೆನ್ನಿಗೆ, ತುಳಿಯದಿದ್ದರೂ ಸೈಕಲ್ ಓಡುತ್ತದೆ, ಜೊಂಡೆಲ್ಲ ಮುಂದಕ್ಕೆ ಬಾಗಿದೆ, ಬೂದು ಕೊಕ್ಕರೆಯೊಂದು ಕತ್ತು ಒಳಗೆಳೆದುಕೊಂಡು ನಿಂತಿದೆ, ಇಂಥ ಗಾಳಿಯಲ್ಲಿ ಮುಂದಿನವರ ಮಾತು ಮುಂದಕ್ಕೇ ಹಾರಿಹೋಗುತ್ತದೆ, ಹಿಂದಿನವರಿಗೆ ಸಿಗುವುದಿಲ್ಲ, ವಾಸನೆಗಳನ್ನೇ ಇಂದು ಎರಡೆರಡು ಸಲ ಕೂಗಬೇಕಾಗಿದೆ. ಹಾಗಾದರೆ ಗೂಟ? ರೂಲಿ ಕತ್ತು ಚಾಚಿ ನೋಡುತ್ತಾಳೆ, ಬೆರೆಂಡ್ ಎಲ್ಲಿ, ಬೆರೆಂಡ್ ಮುಂದಿದ್ದಾನೆ, ಏಪ್ರಿಲಿನಿಂದ ಅವನಿಗೆ ಈ ಕೆಲಸವಿಲ್ಲ. ಹಾರ್ಮನ ಕೈ ಬೆನ್ನ ಹಿಂದೆ ಬಂತು, ಆಡಿತು, ಇಷ್ಟು ದೂರದಿಂದಲೇ, ಪುಣ್ಯಾತ್ಮ, ಗೂಟ, ಎರಡನೆಯ ಕೈ, ಗೂಟ, ಮೂರನೆಯ ಕೈ, ಬೆರೆಂಡನ ದೊಡ್ಡ ಕೆಂಪು ಕೈ, ಅವನು ಇಡೀ ಮೈ ತಿರುಗಿಸಿ ರೂಲಿಯ ಮುಖ ನೋಡಿ ಗೂಟ ಎಂದ, ಈಗ ಅವಳದು, ಈಗ, ರೂಲಿ ಒಂದು ಕೈ ಬಿಟ್ಟು ಪೂರ್ತಿ ಹಿಂದಕ್ಕೆ ತಿರುಗಿ, ಸೈಕಲ್ ಓಲಾಡಿತು, ಓಲಾಡಲಿ, ತಂಗಿಯ ಮುಖ, ಹುಬ್ಬಿನ ಮೇಲಿನ ಹೊಲಿಗೆಯ ಗೆರೆ, ಆ ಮುಖಕ್ಕೇ, ಗೂಟ! ಗೂಟ ಕಣೇ ಫೆನ್ನಾ! ಗೂಟ! — ಕಂಠ ಕಿತ್ತುಹೋಗುವ ಹಾಗೆ, ಹಸುಗಳು ತಲೆಯೆತ್ತುವ ಹಾಗೆ, ಒಂದಕ್ಕೆ ಮೂರು ಸಲ. ತಿರುಗಿ ಹ್ಯಾಂಡಲ್ ಹಿಡಿದಳು, ಎಡಕ್ಕೆ ಸರಿದಳು, ಹಿಂದೆಯೂ ಸರಪಳಿ ಎಡಕ್ಕೆ ಸರಿದ ಸದ್ದು, ಮತ್ತೇನೂ ಸದ್ದಿಲ್ಲ, ಆಮೇಲೆ ಬೆನ್ನ ಗಾಳಿ ಫೆನ್ನಾಳ ಮಾತನ್ನು, ಮೆಲ್ಲಗಿದ್ದರೂ ಬಿಡದೆ, ತಂದು ಕಿವಿಯಲ್ಲಿಟ್ಟಿತು.

ಈ ಸಲ ಕೂಗಿದ್ಯಲ್ಲೇ.

ಈ ಸಲ. ಹಾಗಾದರೆ ಮರೆತಿರಲಿಲ್ಲ, ಆಸ್ಪತ್ರೆಯಲ್ಲೂ ಇಲ್ಲ, ಕಾಫಿಯ ದಿನವೂ ಇಲ್ಲ, ಏಪ್ರಿಲಿನಿಂದ ಒಂದೊಂದು ವಾಸನೆ ಕೇಳಿಸಿಕೊಳ್ಳುವಾಗಲೂ, ಗೊತ್ತಿದ್ದು, ಗೊತ್ತಿದ್ದೂ ಇವಳ ಚಕ್ರದ ಹಿಂದೆ ಗೇಣುದ್ದ ಬಿಟ್ಟು, ಪಂಪ್‌ಮನೆ ಬರುತ್ತದೆ, ಕಾಫಿ, ಕೇಕ್, ಇನ್ನು ಅಲ್ಲಿ ಏನು ಹೇಳುವುದು, ಯಾರಿಗೆ ಹೇಳುವುದು, ತಿರುಗಿ ಏನಾದರೂ ಅನ್ನಬೇಕು, ಹಿಂದಿನಿಂದ ಫೆನ್ನಾ, ಯಾಕೇ ಸುಮ್ಮನಾದೆ, ಏನು ವಾಸನೆ ಹೇಳು, ಎನ್ನುತ್ತಿದ್ದಾಳೆ, ಜೊಂಡಿನದೋ, ನೀರಿನದೋ, ರೂಲಿಗೆ ಯಾವ ವಾಸನೆಯೂ ಬರುತ್ತಿಲ್ಲ, ಮುಂದೆ ಬೆರೆಂಡನ ಬೆನ್ನಿದೆ, ಅದೂ ಕಾಣುತ್ತಿಲ್ಲ, ಕಾಣುತ್ತಿರುವುದು ಈಗ ಬಲಮೊಣಕಾಲಿನ ಪಕ್ಕ ಹಾದುಹೋದ ಗೂಟ, ಹೋದ ವರ್ಷದ ಗುರುತು ಮಳೆ ಬಿಸಿಲಿಗೂ ಹೋಗದೆ ಉಳಿದಿದೆ, ಯಾರೂ ಬಣ್ಣ ಬಳಿದಿಲ್ಲ, ಕೆಂಪು, ಬಿಳಿ, ಬಿಳಿಯ ಮೇಲೆ ಫೆನ್ನಾಳ ಸೈಕಲ್ಲಿನ ಹಸಿರು ಗೀರು, ಬೆರಳಗಲ, ಕೆಂಪು, ಬಿಳಿ, ಹಸಿರು ಗೀರು —