ಗೂಳಿಯ ಬಾಟಲಿ

ನಮ್ಮ ಲ್ಯಾಬಿನಲ್ಲಿ ಒಂದು ಕಟ್ಟಾಜ್ಞೆ: ಒಂದೊಂದು ಬಗೆಯ ಕೋಶಕ್ಕೂ ಅದರದೇ ಪೋಷಕ ದ್ರವದ ಬಾಟಲಿ. ಹನ್ನೊಂದು ವರ್ಷದಿಂದ ಹೊಸಬರ ತಲೆಗೆ ಇದನ್ನು ತುಂಬುತ್ತಿರುವವಳು ನಾನು. ಮುರಿದವಳೂ ನಾನೇ.

ಆ ದಿನ ಅಕ್ಕನನ್ನು ಸ್ಕ್ಯಾನಿಂಗಿಗೆ ಕರೆದೊಯ್ಯಬೇಕಿತ್ತು. ಹೊತ್ತಾಗಿತ್ತು. ಅವಳದೇ ಗಡ್ಡೆಯಿಂದ ತೆಗೆದು ಬೆಳೆಸುತ್ತಿದ್ದ ಕೋಶಗಳಿಗೆ ಹಾಕೋಣವೆಂದರೆ ಬಾಟಲಿ ಖಾಲಿ. ಪಕ್ಕದಲ್ಲಿ ಗೂಳಿಯ ಬಾಟಲಿ ಇತ್ತು. ಗೂಳಿ ಅಂದರೆ ಬೇರೆ ಯಾರದೋ ಕ್ಯಾನ್ಸರಿನ ಕೋಶಗಳು. ಬಿಟ್ಟಲ್ಲೆಲ್ಲ ನುಗ್ಗಿ ಬೆಳೆಯುವುದಕ್ಕೆ ನಾವಿಟ್ಟ ಅಡ್ಡಹೆಸರು. ಅದರಿಂದಲೇ ಒಂದಷ್ಟು ತೆಗೆದು ಹಾಕಿದೆ. ಒಂದು ಸಲಕ್ಕೆ ಏನಾದೀತು ಎಂದುಕೊಂಡೆ.

ಅಕ್ಕ ಬಟ್ಟೆ ಹೊಲಿಯುವವಳು. ಅವಳಿಗೆ ಕಾಯಿಲೆಯನ್ನು ವಿವರಿಸಿದ್ದೂ ನಾನೇ.

"ಕೋಶದೊಳಗೆ ಡಿಎನ್‌ಎ ದಾರ ಸಣ್ಣ ಸಣ್ಣ ರೀಲಿಗೆ ಸುತ್ತಿಕೊಂಡಿರುತ್ತೆ. ಯಾವ ಜೀನ್ ಬೇಕೋ ಅಲ್ಲಿನ ರೀಲನ್ನ ಸರಿಸಿ ಬಿಡಿಸೋಕೆ ಪ್ರೋಟೀನುಗಳ ಒಂದು ಗುಂಪಿದೆ. ನಿನ್ನ ಗಡ್ಡೇಲಿ ಅದು ಕೆಟ್ಟಿದೆ. ಬೆಳೆದದ್ದು ಸಾಕು ಅನ್ನೋ ಜೀನ್ ಹಾಳಾಗಿಲ್ಲ ಅಕ್ಕ, ಸುತ್ತಿನೊಳಗೆ ಸಿಕ್ಕಿಕೊಂಡಿದೆ."

"ಹಾಗಾದ್ರೆ ಬಿಡಿಸೋದು ತಾನೇ," ಎಂದಿದ್ದಳು.

ಸ್ಕ್ಯಾನಿಂಗ್ ಆಗಿ ಕೆಲವು ವಾರದ ಮೇಲೆ ಆ ಕೋಶಗಳಿಗೆ ಸುತ್ತು ಬಿಡಿಸುವ ಹೊಸ ಔಷಧಿ ಹಾಕಿದೆ; ನಾಲ್ಕನೇ ದಿನ ಆ ಜೀನ್ ಬಿಚ್ಚಿಕೊಂಡಿತು. ತಟ್ಟೆಯಲ್ಲಿ ಕೋಶಗಳು ಬೆಳೆಯುವುದನ್ನು ನಿಲ್ಲಿಸಿದವು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ; ಓಡಿಹೋಗಿ ಅಕ್ಕನಿಗೆ ಹೇಳಿದೆ. ಡಾಕ್ಟರು ಎರಡು ದಾರಿ ಮುಂದಿಟ್ಟಿದ್ದರು: ಹಳೆಯ ಇಂಜೆಕ್ಷನ್, ಇಲ್ಲವೇ ಇನ್ನೂ ಪ್ರಯೋಗದಲ್ಲಿರುವ ಈ ಔಷಧಿಯ ಮಾತ್ರೆ. ನನ್ನ ಮಾತು ನಂಬಿ ಅವಳು ಮಾತ್ರೆ ಆರಿಸಿದಳು.

ಆರು ವಾರದ ಮೇಲೆ ಕೋಶಗಳ ಗುರುತಿನ ಪರೀಕ್ಷೆಯ ವರದಿ ಬಂತು. ಸಂಶೋಧನಾ ಲೇಖನ ಕಳಿಸುವ ಮುಂಚೆ ಮಾಡಿಸಲೇಬೇಕಾದ ಪರೀಕ್ಷೆ ಅದು. ಬರೀ ಶಾಸ್ತ್ರಕ್ಕೆ ಎಂದುಕೊಂಡಿದ್ದೆ. ತಟ್ಟೆಯಲ್ಲಿ ಇದ್ದದ್ದು ಅಕ್ಕನ ಕೋಶಗಳಲ್ಲ, ಗೂಳಿ. ಹಿಂದೆ ಯಾವಾಗಲೋ ಹನಿಗೊಳವೆಗೆ ಅಂಟಿ ಆ ಬಾಟಲಿಯ ದ್ರವಕ್ಕೆ ಸೇರಿದ್ದ ನಾಲ್ಕಾರು ಕೋಶಗಳು ಬೆಳೆದು ಬೆಳೆದು ಅವಳವನ್ನೆಲ್ಲ ಮೂಲೆಗೊತ್ತಿ ಮುಗಿಸಿದ್ದವು. ಔಷಧಿಗೆ ಬಗ್ಗಿದ್ದೂ ಗೂಳಿಯೇ. ಅಕ್ಕನ ಗಡ್ಡೆ ಬಗ್ಗುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

 ಡಾಕ್ಟರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿ, ನೇರ ಅಕ್ಕನ ಅಂಗಡಿಗೆ ಹೋದೆ.

"ಅದು ನಿನ್ನ ಕೋಶ ಅಲ್ಲ ಅಕ್ಕ. ತಪ್ಪು ನಂದೇ. ಬೇರೆಯವರ ಕೋಶದ ಬಾಟಲೀದು ಬೆರೆಸಿಬಿಟ್ಟೆ. ಡಾಕ್ಟರು ನಾಳೆಯಿಂದಲೇ ಇಂಜೆಕ್ಷನ್ ಅಂದ್ರು."

ಮಷೀನಿನ ಪೆಡಲಿನಿಂದ ಕಾಲು ತೆಗೆದಳು. "ಆರು ವಾರ ಹೋಯ್ತಲ್ಲ."

"ಹೋಯ್ತು."

"ಯಾವತ್ತು ಬೆರೆಸಿದ್ದು?"

"ನಿನ್ನ ಸ್ಕ್ಯಾನಿಂಗ್ ದಿನ."

ಸೂಜಿಯ ಕೆಳಗಿನ ಬಟ್ಟೆಯನ್ನು ಸರಿಮಾಡಿದಳು. "ಅವತ್ತು ಬೇಗ ಬಾ, ಬೇಗ ಬಾ ಅಂತ ನಿನ್ನ ಪ್ರಾಣ ತಿಂದಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ.

"ನನ್ನವು ಒಂದೂ ಉಳಿದಿಲ್ವಾ?" ಎಂದು ಕೇಳಿದಳು.

"ಬೆರೆಸೋ ಮುಂಚೇನೇ ತೆಗೆದಿಟ್ಟದ್ದು ಫ್ರೀಜರಿನಲ್ಲಿ ಒಂದು ಟ್ಯೂಬ್ ಇದೆ."

"ಅದನ್ನ ನಿಧಾನವಾಗಿ ಬೆಳೆಸು," ಎಂದು ಮತ್ತೆ ಪೆಡಲಿನ ಮೇಲೆ ಕಾಲಿಟ್ಟಳು. "ಇನ್ಮೇಲೆ ಆಸ್ಪತ್ರೆಗೆ ನಾನೊಬ್ಬಳೇ ಹೋಗಿ ಬರ್ತೀನಿ."